ಜಿಂಗಲ್, ಬಣ್ಣ, ಬಾಟಲಿ: ಹೆಸರಿಲ್ಲದ ಗುರುತನ್ನು ನಮ್ಮದಾಗಿಯೇ ಉಳಿಸಿಕೊಳ್ಳುವ ದಾರಿ

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಾಫಿಪುಡಿ ಅಂಗಡಿಗೆ ನಾವು ಎಫ್‌ಎಂ ರೇಡಿಯೋ ಜಾಹೀರಾತು ಮಾಡಿಕೊಟ್ಟಿದ್ದೆವು. ಮೊದಲು ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುವ ಸದ್ದು. ಆಮೇಲೆ ಲೋಟ ಬಟ್ಟಲಿಗೆ ತಾಗುವ ಸದ್ದು. ಕೊನೆಗೆ ಕೊಳಲಿನಲ್ಲಿ ನಾಲ್ಕು ಸ್ವರ. ಅಂಗಡಿಯ ಹೆಸರು ಬರುತ್ತಿದ್ದದ್ದು ಇದೆಲ್ಲ ಮುಗಿದ ಮೇಲೆ. ಒಂದು ವರ್ಷ ಕಳೆಯುವಷ್ಟರಲ್ಲಿ ಜನ ಹೆಸರಿಗೆ ಕಾಯದೆ ಗುರುತು ಹಿಡಿಯುತ್ತಿದ್ದರು. ಅಂಗಡಿಗೆ ಬಂದ ಹುಡುಗನೊಬ್ಬ ಆ ನಾಲ್ಕು ಸ್ವರವನ್ನು ಸಿಳ್ಳೆಯಲ್ಲಿ ಹಾಕಿ, 'ಅಮ್ಮ ಈ ಪುಡಿ ಅರ್ಧ ಕೆ.ಜಿ. ತರೋಕೆ ಹೇಳಿದ್ದಾಳೆ' ಅಂದನಂತೆ. ಮಾಲೀಕರು ಫೋನ್ ಮಾಡಿ ಇದನ್ನು ಹೇಳಿದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಮುಂದಿನ ವರ್ಷ ಪಕ್ಕದ ಜಿಲ್ಲೆಯ ಇನ್ನೊಂದು ಕಾಫಿಪುಡಿಯವರ ಜಾಹೀರಾತು ಬಂತು. ತೊಟ್ಟಿಕ್ಕುವ ಸದ್ದು, ಲೋಟದ ಸದ್ದು, ನಾಲ್ಕು ಸ್ವರ. ಕೊಳಲಿನ ಬದಲು ವೀಣೆ, ಅಷ್ಟೇ. ನಾವು ವಕೀಲರ ಹತ್ತಿರ ಓಡಿದೆವು. ಅವರು ಕೇಳಿದ್ದು ಮೂರೇ ಪ್ರಶ್ನೆ. ಯಾವತ್ತಿನಿಂದ ಬಳಸುತ್ತಿದ್ದೀರಿ, ದಾಖಲೆ ಎಲ್ಲಿ? ಈ ಸದ್ದು ಕೇಳಿದರೆ ಜನಕ್ಕೆ ನಿಮ್ಮ ಅಂಗಡಿಯೇ ನೆನಪಾಗುತ್ತದೆ ಅನ್ನುವುದಕ್ಕೆ ಏನು ಸಾಕ್ಷಿ? ಈ ರಾಗ ಯಾರದು? ಮೊದಲ ಎರಡಕ್ಕೆ ನಮ್ಮ ಹತ್ತಿರ ಇದ್ದದ್ದು ಬರೀ ಬಾಯಿಮಾತು. ಮೂರನೆಯದಕ್ಕೆ ಅದೂ ಇರಲಿಲ್ಲ. ರಾಗ ಕೂರಿಸಿದವರಿಗೆ ಕೈಯಲ್ಲಿ ದುಡ್ಡು ಕೊಟ್ಟಿದ್ದೆವು, ಒಂದು ಸಾಲಿನ ಕಾಗದವೂ ಇರಲಿಲ್ಲ.

ಆ ಮೂರು ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರಬೇಕು ಅಂದರೆ ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ವ್ಯಾಪಾರ ನಡೆಸುವವರು, ಅವರಿಗೆ ಜಾಹೀರಾತು ಮಾಡಿಕೊಡುವ ನನ್ನಂಥವರು ಇಬ್ಬರಿಗೂ ಇದು ಬೇಕು.

ಹೆಸರು, ಲೋಗೋ ಮಾತ್ರ ಅಲ್ಲ

ಟ್ರೇಡ್‌ಮಾರ್ಕ್ ಅಂದರೆ ನಮಗೆ ತಟ್ಟನೆ ನೆನಪಾಗುವುದು ಹೆಸರು, ಲೋಗೋ. ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ಕ್ಕೆ. ಅದರ ಪ್ರಕಾರ ವಸ್ತುವಿನ ಆಕಾರ, ಅದರ ಪ್ಯಾಕಿಂಗ್, ಬಣ್ಣಗಳ ಜೋಡಣೆ ಕೂಡ ಟ್ರೇಡ್‌ಮಾರ್ಕ್ ಆಗಬಹುದು. ಎರಡು ಷರತ್ತು ಇವೆ. ಆ ಗುರುತನ್ನು ಕಾಗದದ ಮೇಲೆ ತೋರಿಸಲು ಬರಬೇಕು. ನಿಮ್ಮ ಸರಕನ್ನು ಬೇರೆಯವರ ಸರಕಿನಿಂದ ಅದು ಬೇರೆ ಮಾಡಿ ತೋರಿಸಬೇಕು.

ಸದ್ದಿನ ಹೆಸರು ಆ ವ್ಯಾಖ್ಯೆಯಲ್ಲಿ ಇಲ್ಲ. ಆದರೂ ದಾರಿ ತೆರೆದಿತ್ತು. ಭಾರತದಲ್ಲಿ ಮೊದಲು ನೋಂದಣಿಯಾದ ಸದ್ದು ಯಾಹೂ ಕಂಪನಿಯ 'ಯಾಹೂ' ಅಂತ ರಾಗ ಎಳೆದು ಕೂಗುವ ದನಿ, 2008ರಲ್ಲಿ. ಆಮೇಲೆ 2011ರಲ್ಲಿ ಐಸಿಐಸಿಐ ಬ್ಯಾಂಕಿನ ಜಿಂಗಲ್ ಬಂತು. ಭಾರತೀಯ ಸಂಸ್ಥೆಯೊಂದರ ಮೊದಲ ಧ್ವನಿ ಗುರುತು ಅದು. 2017ರ ಟ್ರೇಡ್‌ಮಾರ್ಕ್ ನಿಯಮಗಳು ಬಂದ ಮೇಲೆ ಸದ್ದನ್ನು ಹೇಗೆ ಸಲ್ಲಿಸಬೇಕು ಅನ್ನುವುದೂ ಸ್ಪಷ್ಟವಾಯಿತು. ಅದೇ 2017ರಲ್ಲಿ ಮುಂಬೈನ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಕಟ್ಟಡದ ರೂಪವೇ ನೋಂದಣಿಯಾಯಿತು.

ವಾಸನೆಗೆ ತುಂಬಾ ಕಾಲ ಬಾಗಿಲು ಮುಚ್ಚಿತ್ತು. ವಾಸನೆಯನ್ನು ಕಾಗದದ ಮೇಲೆ ಹೇಗೆ ಬರೆಯುತ್ತೀರಿ? ಜಪಾನಿನ ಸುಮಿಟೊಮೊ ರಬ್ಬರ್ ಕಂಪನಿ ತನ್ನ ಟೈರುಗಳಿಗೆ ಗುಲಾಬಿ ಹೂವಿನ ಪರಿಮಳವನ್ನು ಗುರುತಾಗಿ ಕೇಳಿತ್ತು. ಅಲಹಾಬಾದ್ ಐಐಐಟಿಯ ತಜ್ಞರು ಆ ವಾಸನೆಯನ್ನು ಏಳು ಮೂಲ ವಾಸನೆಗಳ ಅಳತೆಯಲ್ಲಿ ಒಡೆದು, ನಕ್ಷೆಯಾಗಿ ಬರೆದುಕೊಟ್ಟರು. 2025ರ ನವೆಂಬರ್‌ನಲ್ಲಿ ಟ್ರೇಡ್‌ಮಾರ್ಕ್ ರಿಜಿಸ್ಟ್ರಿ ಆ ಅರ್ಜಿಯನ್ನು ಜರ್ನಲ್‌ನಲ್ಲಿ ಪ್ರಕಟಿಸಲು ಒಪ್ಪಿತು. ಟೈರಿಗೂ ಗುಲಾಬಿಗೂ ಯಾವ ಸಂಬಂಧವೂ ಇಲ್ಲ. ಅದೇ ಅವರಿಗೆ ಬಲವಾದದ್ದು. ಯಾಕೆ ಅನ್ನುವುದು ಮುಂದಿನ ಹೆಜ್ಜೆಯಲ್ಲೇ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಯಾವುದು ನಿಮ್ಮದು, ಯಾವುದು ಎಲ್ಲರದು?

ನಿಮ್ಮ ಬ್ರ್ಯಾಂಡಿನಲ್ಲಿ ಕಣ್ಣಿಗೆ, ಕಿವಿಗೆ ಬೀಳುವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪ್ಯಾಕೆಟ್ಟಿನ ಬಣ್ಣ, ಡಬ್ಬಿಯ ಆಕಾರ, ಜಿಂಗಲ್, ಆ್ಯಪ್ ತೆರೆದಾಗ ಬರುವ ಸದ್ದು, ಅಂಗಡಿಯ ಒಳಾಂಗಣ. ಆಮೇಲೆ ಒಂದೊಂದಕ್ಕೂ ಈ ಪ್ರಶ್ನೆ ಕೇಳಿ: ಇದನ್ನು ನಾನೊಬ್ಬನೇ ಇಟ್ಟುಕೊಂಡರೆ ಬೇರೆಯವರಿಗೆ ಇದೇ ವ್ಯಾಪಾರ ಮಾಡಲು ಕಷ್ಟ ಆಗುತ್ತದಾ? 'ಹೌದು' ಅನ್ನುವುದಾದರೆ ಅದನ್ನು ಪಟ್ಟಿಯಿಂದ ಹೊಡೆದುಹಾಕಿ.

ಮೈಸೂರಿನ ಊದಿನಕಡ್ಡಿಯನ್ನೇ ತಗೊಳ್ಳಿ. ಮಲ್ಲಿಗೆ ಪರಿಮಳದ ಊದಿನಕಡ್ಡಿ ಮಾಡುವವರು ಆ ಮಲ್ಲಿಗೆ ಪರಿಮಳವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಡಿ ಅಂದರೆ ನಿಲ್ಲುವುದಿಲ್ಲ. ಜನ ಊದಿನಕಡ್ಡಿ ಕೊಳ್ಳುವುದೇ ಪರಿಮಳಕ್ಕೆ, ಪರಿಮಳವೇ ಅಲ್ಲಿ ಸರಕು. ಮೈಸೂರು ಸ್ಯಾಂಡಲ್ ಸೋಪಿನ ಗಂಧದ ಪರಿಮಳ ಕಣ್ಣು ಮುಚ್ಚಿದರೂ ನಮಗೆ ಗೊತ್ತಾಗುತ್ತದೆ, ಅಲ್ವಾ? ಆದರೂ ಗಂಧದೆಣ್ಣೆ ಆ ಸೋಪಿನ ಗುಣವೇ ಆಗಿರುವುದರಿಂದ ವಾಸನೆಯ ಟ್ರೇಡ್‌ಮಾರ್ಕ್ ಅನ್ನುವ ದಾರಿ ಅಲ್ಲಿ ಕಷ್ಟ. ಅದಕ್ಕೆ ಸಿಕ್ಕಿರುವುದು ಭೌಗೋಳಿಕ ಗುರುತಿನ (ಜಿಐ), ಅಂದರೆ ಇಂಥ ಊರಿನ ವಿಶೇಷ ಸರಕು ಅನ್ನುವ ಗುರುತಿನ ರಕ್ಷಣೆ, ಅದು ಬೇರೆಯೇ ಕಾನೂನು. ಟೈರನ್ನು ಮಾತ್ರ ಯಾರೂ ವಾಸನೆ ನೋಡಿ ಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ಗುಲಾಬಿ ಪರಿಮಳ ಗುರುತಾಗಿ ಕೆಲಸ ಮಾಡಬಲ್ಲದು.

ಹಾಲಿನ ಪ್ಯಾಕೆಟ್ಟೂ ಹೀಗೆಯೇ. ಬೆಳಿಗ್ಗೆ ಬೂತಿಗೆ ಹೋಗಿ 'ನೀಲಿ ಪ್ಯಾಕೆಟ್ ಎರಡು' ಅಂದರೆ ಟೋನ್ಡ್ ಹಾಲು ಕೊಡುತ್ತಾರೆ. ಅಲ್ಲಿ ಬಣ್ಣ ಹೇಳುವುದು ಹಾಲಿನ ಬಗೆ ಯಾವುದು ಅಂತ. ಯಾವ ಡೇರಿಯದು ಅಂತ ಹೇಳುವುದು ಪ್ಯಾಕೆಟ್ ಮೇಲಿನ ಹೆಸರು. ನಿಮ್ಮ ವ್ಯಾಪಾರದಲ್ಲೂ ಬಣ್ಣ ಹೀಗೆ 'ಬಗೆ' ಹೇಳುವ ಕೆಲಸ ಮಾಡುತ್ತಿದೆಯಾ ನೋಡಿ. ಖಾರದ ಪುಡಿಗೆ ಕೆಂಪು, ಅರಿಶಿನಕ್ಕೆ ಹಳದಿ ಎಲ್ಲರಿಗೂ ಬೇಕು.

ಆಕಾರದ ಬಗ್ಗೆ ಕಾಯ್ದೆಯ 9ನೇ ಸೆಕ್ಷನ್ ನೇರವಾಗಿಯೇ ಮೂರು ಬೇಲಿ ಹಾಕಿದೆ. ಸರಕಿನ ಸ್ವಭಾವದಿಂದಲೇ ಬಂದ ಆಕಾರ, ತಾಂತ್ರಿಕ ಕೆಲಸಕ್ಕೆ ಬೇಕೇಬೇಕಾದ ಆಕಾರ, ಸರಕಿಗೆ ಬೆಲೆ ತಂದುಕೊಡುವ ಆಕಾರ: ಈ ಮೂರೂ ನೋಂದಣಿ ಆಗುವುದಿಲ್ಲ. ಎಷ್ಟು ವರ್ಷ ಬಳಸಿದ್ದರೂ ಇಲ್ಲಿ ವಿನಾಯಿತಿ ಇಲ್ಲ.

ಒಂದೇ ಬಣ್ಣದ ಮೇಲೆ ಕಟ್ಟಡ ಕಟ್ಟಬೇಡಿ ಅನ್ನುವುದು ನನ್ನ ಸಲಹೆ. ಕಾಯ್ದೆ ಹೇಳುವುದು ಬಣ್ಣಗಳ ಜೋಡಣೆ ಅಂತ. ಲೂಬುಟಾನ್ ಕಂಪನಿಯ ಕೆಂಪು ಅಟ್ಟೆಯ ಚಪ್ಪಲಿ ವಿಷಯದಲ್ಲಿ ದೆಹಲಿ ಹೈಕೋರ್ಟಿನ ಒಂದು ಆದೇಶ 2017ರಲ್ಲಿ ರಕ್ಷಣೆ ಕೊಟ್ಟಿತು. 2018ರಲ್ಲಿ ಅದೇ ಕೋರ್ಟಿನ ಇನ್ನೊಬ್ಬ ನ್ಯಾಯಾಧೀಶರು ಒಂದೇ ಬಣ್ಣ ವ್ಯಾಖ್ಯೆಯೊಳಗೆ ಬರುವುದಿಲ್ಲ ಅಂದರು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ನಮ್ಮ ಪಾಡೇನು? ಎರಡು ಬಣ್ಣ, ಅವು ಎಲ್ಲಿ ಯಾವ ಅಳತೆಯಲ್ಲಿ ಕೂರುತ್ತವೆ ಅನ್ನುವುದನ್ನು ಗಟ್ಟಿಮಾಡಿಕೊಳ್ಳಿ. ಜಾನ್ ಡಿಯರ್ ಟ್ರ್ಯಾಕ್ಟರಿನ ಹಸಿರು–ಹಳದಿ ಜೋಡಿಗೆ 2015ರಲ್ಲಿ ದೆಹಲಿ ಹೈಕೋರ್ಟ್ ರಕ್ಷಣೆ ಕೊಟ್ಟಿದೆ.

ನಮ್ಮ ಕಾಫಿಯ ಕಥೆಯಲ್ಲೂ ವಕೀಲರು ಇದನ್ನೇ ಹೇಳಿದ್ದು. ಡಿಕಾಕ್ಷನ್ ತೊಟ್ಟಿಕ್ಕುವುದು, ಲೋಟ ತಾಗುವುದು ಫಿಲ್ಟರ್ ಕಾಫಿಯ ಸದ್ದುಗಳೇ, ಅವು ಎಲ್ಲರವು. ನಿಮ್ಮದು ಅಂತ ಇದ್ದರೆ ಆ ನಾಲ್ಕು ಸ್ವರ ಮಾತ್ರ.

ಎರಡನೇ ಹೆಜ್ಜೆ: ಮಾಡಿದವರ ಕೈಯಿಂದ ಬರೆಸಿಕೊಳ್ಳಿ

ದುಡ್ಡು ಕೊಟ್ಟಿದ್ದೇವೆ, ಹಾಗಾಗಿ ರಾಗ ನಮ್ಮದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಕಾಪಿರೈಟ್ ಕಾನೂನು ಹಾಗೆ ಹೇಳುವುದಿಲ್ಲ. ನಿಮ್ಮ ಬಳಿ ಸಂಬಳಕ್ಕೆ ಇರುವವರು ಕೆಲಸದ ಭಾಗವಾಗಿ ಮಾಡಿದ್ದರೆ ಮಾತು ಬೇರೆ. ಹೊರಗಿನ ಸಂಗೀತಗಾರರು ಕೂರಿಸಿದ ರಾಗದ ಮೊದಲ ಒಡೆಯರು ಅವರೇ. ಬರೆಸಿ, ಸಹಿ ಹಾಕಿಸಿಕೊಂಡರೆ ಮಾತ್ರ ಹಕ್ಕು ನಿಮಗೆ ಬರುತ್ತದೆ.

ಬರೆಸುವಾಗ ಮೂರು ಸಾಲು ತಪ್ಪಬಾರದು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತಲೇ ತಿಳಿಯುತ್ತದೆ. ಎಲ್ಲೆಲ್ಲಿ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕಾಗದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ದುಬೈನಲ್ಲಿರುವ ಕನ್ನಡಿಗರಿಗೆ ಪುಡಿ ಕಳಿಸುವ ಆಸೆ ಇದ್ದರೆ 'ಜಗತ್ತಿನ ಎಲ್ಲ ಕಡೆ' ಅಂತ ಈಗಲೇ ಬರೆಸಿ. ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಒಪ್ಪಿಗೆ ಇದೆ ಅನ್ನುವ ಸಾಲೂ ಇರಲಿ.

ಸಂಗೀತಗಾರರ ರಾಯಲ್ಟಿ, ಅಂದರೆ ರಾಗದ ಬಳಕೆಗೆ ಬರುವ ದುಡ್ಡಿನಲ್ಲಿ ಪಾಲು ಪಡೆಯುವ ಹಕ್ಕಿನ ಕೆಲವು ಭಾಗವನ್ನು ಅವರು ಬಿಟ್ಟುಕೊಡುತ್ತೇನೆ ಅಂದರೂ ಕಾನೂನು ಬಿಡುವುದಿಲ್ಲ. ಅದು ಸರಿಯಾದದ್ದೇ. ನಾಲ್ಕು ಸ್ವರ ಒಂದು ಅಂಗಡಿಯನ್ನು ಹತ್ತು ವರ್ಷ ಸಾಕಬಲ್ಲದು, ಅದನ್ನು ಕೊಟ್ಟವರಿಗೆ ನ್ಯಾಯವಾದ ದುಡ್ಡು ಸಿಗಲೇಬೇಕು. ಒಪ್ಪಂದದ ಈ ಭಾಗವನ್ನು ವಕೀಲರ ಕೈಯಲ್ಲೇ ಬರೆಸಿ.

ಸಿನಿಮಾ ಹಾಡಿನ ರಾಗದ ಮೇಲೆ ನಿಮ್ಮ ಹೆಸರು ಕೂರಿಸುವುದು ಬೇಡವೇ ಬೇಡ. ಬೇರೆಯವರ ಹಕ್ಕನ್ನು ಮುಟ್ಟಿದಂತೆ ಆಗುತ್ತದೆ. ಅದು ಯಾವತ್ತೂ ನಿಮ್ಮ ಗುರುತೂ ಆಗುವುದಿಲ್ಲ.

ಬಾಟಲಿ, ಡಬ್ಬಿಯ ಹೊಸ ಆಕಾರ ಮಾಡಿಸಿದ್ದರೆ ಇಲ್ಲಿ ಒಂದು ಅವಸರ ಇದೆ. ಡಿಸೈನ್ ಕಾಯ್ದೆ 2000ರ ಅಡಿಯಲ್ಲಿ ನೋಂದಾಯಿಸಿದರೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಡಿಸೈನ್ ಹೊಸದಾಗಿರಬೇಕು. ಅರ್ಜಿ ಹಾಕುವ ಮೊದಲೇ ಇನ್‌ಸ್ಟಾಗ್ರಾಮ್‌ನಲ್ಲಿ 'ಹೊಸ ಬಾಟಲಿ ಬರ್ತಿದೆ' ಅಂತ ಫೋಟೊ ಹಾಕಿದರೆ ಆ ಹೊಸತನ ಅಲ್ಲಿಗೇ ಮುಗಿಯಿತು. ಜಾಹೀರಾತಿನವರಿಗೆ ಫೋಟೊ ಕಳಿಸುವ ಮೊದಲು ಡಿಸೈನ್ ಅರ್ಜಿ ಹೋಗಿದೆಯಾ ಅಂತ ಕೇಳಿ. ಟ್ರೇಡ್‌ಮಾರ್ಕ್ ಹಾದಿ ನಿಧಾನದ್ದು, ಜನ ಗುರುತಿಸುವಷ್ಟು ಕಾಲ ಬೇಕು. ಆ ಕಾಲದಲ್ಲಿ ಡಿಸೈನ್ ನೋಂದಣಿ ಕಾವಲಿಗೆ ಇರುತ್ತದೆ.

ಮೂರನೇ ಹೆಜ್ಜೆ: ಜನಕ್ಕೆ ಗುರುತು ಕಲಿಸುವ ಜಾಹೀರಾತು

ನನಗೆ ತುಂಬಾ ಮುಖ್ಯ ಅನ್ನಿಸುವುದು ಇದು. ಹೆಸರಾದರೆ ಮೊದಲ ದಿನದಿಂದಲೇ ಗುರುತು. ಬಣ್ಣ, ಆಕಾರ, ಸದ್ದು ಹಾಗಲ್ಲ. ಜನ ಮೊದಲು ಅದನ್ನು ಅಲಂಕಾರ ಅಂತಲೇ ನೋಡುತ್ತಾರೆ. 'ಓ, ಇದು ಅವರದ್ದು' ಅಂತ ಅನ್ನಿಸಲು ಕಾಲ ಬೇಕು, ಕಲಿಸುವ ಜಾಹೀರಾತು ಬೇಕು. ಕಾನೂನೂ ಇದನ್ನೇ ಕೇಳುತ್ತದೆ: ಅರ್ಜಿ ಹಾಕುವ ಹೊತ್ತಿಗೆ ಬಳಕೆಯಿಂದಲೇ ಆ ಗುರುತು ನಿಮ್ಮದಾಗಿದೆಯಾ?

ಐಟಿಸಿ ಮತ್ತು ಬ್ರಿಟಾನಿಯಾ ನಡುವಿನ ಬಿಸ್ಕತ್ತಿನ ಜಗಳ ಇದಕ್ಕೆ ಒಳ್ಳೆಯ ಪಾಠ. ಐಟಿಸಿಯವರು ಸನ್‌ಫೀಸ್ಟ್ ಫಾರ್ಮ್‌ಲೈಟ್ ಡೈಜೆಸ್ಟಿವ್ ಬಿಸ್ಕತ್ತನ್ನು ಹಳದಿ–ನೀಲಿ ಪ್ಯಾಕೆಟ್ಟಿನಲ್ಲಿ 2016ರ ಫೆಬ್ರವರಿಯಲ್ಲಿ ತಂದರು. ಕೆಲವೇ ತಿಂಗಳಲ್ಲಿ ಬ್ರಿಟಾನಿಯಾದ ನ್ಯೂಟ್ರಿಚಾಯ್ಸ್ ಕೂಡ ಹಳದಿ–ನೀಲಿ ಪ್ಯಾಕೆಟ್ಟಿನಲ್ಲಿ ಬಂತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಐಟಿಸಿ ಪರವಾಗಿ ತಡೆಯಾಜ್ಞೆ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ಇಷ್ಟು ಕಡಿಮೆ ಕಾಲದಲ್ಲಿ ಆ ಬಣ್ಣದ ಜೋಡಿ ಐಟಿಸಿಯದ್ದೇ ಅಂತ ಜನರ ಮನಸ್ಸಿನಲ್ಲಿ ಕೂತಿದೆ ಅನ್ನಲು ಆಗುವುದಿಲ್ಲ ಅನ್ನುವುದು ಅದರ ಮುಖ್ಯ ಕಾರಣ. ಇದಕ್ಕೆ ಎದುರಾಗಿ 2003ರಲ್ಲಿ ಅದೇ ಕೋರ್ಟ್ ಕೋಲ್ಗೇಟ್ ಹಲ್ಲುಪುಡಿ ಡಬ್ಬಿಯ ಕೆಂಪು–ಬಿಳಿ ಜೋಡಿಗೆ ಆಂಕರ್ ವಿರುದ್ಧ ರಕ್ಷಣೆ ಕೊಟ್ಟಿತ್ತು. ಕೋಲ್ಗೇಟ್ ಡಬ್ಬಿಯನ್ನು ಜನ ದಶಕಗಳಿಂದ ಕಂಡಿದ್ದರು.

ಹಾಗಾದರೆ ಜಾಹೀರಾತಿನಲ್ಲಿ ಏನು ಮಾಡಬೇಕು?

ಗುರುತನ್ನು ಬಾಯಿಬಿಟ್ಟು ತೋರಿಸಿ. 'ಹಸಿರು ಮುಚ್ಚಳದ ಮೇಲೆ ಕಪ್ಪು ಪಟ್ಟಿ ಇದ್ದರೆ ಅದು ನಮ್ಮ ಎಣ್ಣೆ', 'ಈ ನಾಲ್ಕು ಸ್ವರ ಕೇಳಿಸಿತಾ, ಅದು ನಮ್ಮ ಕಾಫಿ' ಅನ್ನುವಂಥ ಸಾಲು ಇರಲಿ. ನೋಡುವವರಿಗೆ ಎಲ್ಲಿ ನೋಡಬೇಕು ಅಂತ ಹೇಳಿಕೊಡುವ ಇಂಥ ಜಾಹೀರಾತು ಮುಂದೆ ನಿಮ್ಮ ಬಲವಾದ ಸಾಕ್ಷಿಯಾಗುತ್ತದೆ.

ಗುರುತನ್ನು ಒಂಟಿಯಾಗಿಯೂ ಬಿಡಿ. ಯಾವಾಗಲೂ ಹೆಸರಿನ ಜೊತೆಗೇ ಬಂದರೆ, 'ಜನ ಗುರುತಿಸಿದ್ದು ಹೆಸರನ್ನು, ಬಣ್ಣವನ್ನಲ್ಲ' ಅಂತ ಎದುರಿನವರು ವಾದಿಸುತ್ತಾರೆ. ಐದು ಸೆಕೆಂಡಿನ ಸದ್ದು ಮಾತ್ರ ಇರುವ ಒಂದು ರೇಡಿಯೋ ಸ್ಪಾಟ್, ಹೆಸರಿಲ್ಲದ ಬಣ್ಣದ ಒಂದು ಹೋರ್ಡಿಂಗ್, ಬಾಟಲಿಯ ನೆರಳು ಮಾತ್ರ ಕಾಣುವ ಒಂದು ಫೋಟೊ. ವರ್ಷಕ್ಕೆ ಕೆಲವು ಸಲವಾದರೂ ಇಂಥದ್ದು ಮಾಡಿ.

ಬದಲಾಯಿಸಬೇಡಿ. ದೀಪಾವಳಿಗೆ ನಾದಸ್ವರ, ರಾಜ್ಯೋತ್ಸವಕ್ಕೆ ಡೊಳ್ಳು, ಐಪಿಎಲ್‌ಗೆ ರ್‍ಯಾಪ್ ಅಂತ ಜಿಂಗಲ್ ಬದಲಾಗುತ್ತಾ ಹೋದರೆ ಯಾವುದೂ ಗುರುತಾಗುವುದಿಲ್ಲ. ಹಬ್ಬದ ರಾಗ ಬೇಕಿದ್ದರೆ ಸುತ್ತಲೂ ಹಾಕಿ, ಕೊನೆಯ ನಾಲ್ಕು ಸ್ವರ ಅದೇ ಶ್ರುತಿ, ಅದೇ ವಾದ್ಯದಲ್ಲಿ ಇರಲಿ. ಬಣ್ಣಕ್ಕೂ ಇದೇ ಮಾತು. ಒಂದು ಸಲ ಸುಲ್ತಾನ್‌ಪೇಟೆಯಲ್ಲಿ, ಇನ್ನೊಂದು ಸಲ ಶಿವಕಾಶಿಯಲ್ಲಿ ಪ್ರಿಂಟ್ ಮಾಡಿಸಿದರೆ 'ಅದೇ ಕೆಂಪು' ಎರಡು ಬೇರೆ ಕೆಂಪಾಗಿ ಬರುತ್ತದೆ. ಬಣ್ಣಕ್ಕೆ ಪ್ಯಾಂಟೋನ್ ನಂಬರ್ (ಒಂದೊಂದು ಛಾಯೆಗೂ ಪ್ರಿಂಟಿನವರು ಬಳಸುವ ಗೊತ್ತಾದ ನಂಬರ್) ಗೊತ್ತುಮಾಡಿ ಪ್ರತಿ ಪ್ರಿಂಟ್ ಆರ್ಡರಿನಲ್ಲೂ ಬರೆಯಿರಿ. ಮಾದರಿ ಹಾಳೆಯೊಂದನ್ನು ಬಿಸಿಲು ಬೀಳದ ಕಡೆ ಎತ್ತಿಡಿ, ಹೊಸ ಪ್ರಿಂಟ್ ಬಂದಾಗಲೆಲ್ಲ ಅದರ ಪಕ್ಕ ಹಿಡಿದು ನೋಡಿ.

ಇನ್ನೊಂದು ಎಚ್ಚರ, ಇದನ್ನು ತುಂಬಾ ಜನ ಮರೆಯುತ್ತಾರೆ. ಗುರುತಿನ ಉಪಯೋಗವನ್ನು ಜಾಹೀರಾತಿನಲ್ಲಿ ಹೊಗಳಬೇಡಿ. 'ಬಾಗಿದ ಬಾಟಲಿ, ಕೈಗೆ ಜಾರಲ್ಲ' ಅಂತ ಬರೆದರೆ ಆ ಆಕಾರ ಒಂದು ತಾಂತ್ರಿಕ ಕೆಲಸಕ್ಕಾಗಿ ಇದೆ ಅಂತ ನೀವೇ ಒಪ್ಪಿಕೊಂಡಂತೆ. ನಾಳೆ ಎದುರಿನ ವಕೀಲರು ನಿಮ್ಮದೇ ಪಾಂಪ್ಲೆಟ್ ತೆಗೆದು ಕೋರ್ಟಿನ ಮುಂದೆ ಇಡುತ್ತಾರೆ. 'ಕಪ್ಪು ಗಾಜು ಬಿಸಿಲಿನಿಂದ ಎಣ್ಣೆ ಕಾಪಾಡುತ್ತದೆ' ಅನ್ನುವ ಸಾಲಿಗೂ ಇದೇ ತೊಂದರೆ. ಜಾಹೀರಾತಿನ ಸಾಲು ಬರೆಯುವವರಿಗೆ ಇದನ್ನು ಮೊದಲ ದಿನವೇ ಹೇಳಿ.

ನಾಲ್ಕನೇ ಹೆಜ್ಜೆ: ಒಂದು ಕಡತ

ಇವತ್ತೇ ಒಂದು ಕಡತ ತೆರೆಯಿರಿ. ರೇಡಿಯೋದವರ ಬಿಲ್, ಯಾವ ದಿನ ಎಷ್ಟು ಹೊತ್ತಿಗೆ ಪ್ರಸಾರವಾಯಿತು ಅನ್ನುವ ಅವರ ಸರ್ಟಿಫಿಕೇಟ್, ತಾರೀಖು ಕಾಣುವ ಹಾಗೆ ಪತ್ರಿಕೆಯ ಇಡೀ ಪುಟ, ಹೋರ್ಡಿಂಗಿನ ಫೋಟೊ, ಜಾತ್ರೆ–ಮೇಳದಲ್ಲಿ ಹಾಕಿದ ಸ್ಟಾಲಿನ ಫೋಟೊ, ಯೂಟ್ಯೂಬ್ ವೀಕ್ಷಣೆಯ ಸ್ಕ್ರೀನ್‌ಶಾಟ್ ಎಲ್ಲ ಅದರೊಳಗೆ ಹೋಗಲಿ. ಜಾಹೀರಾತಿನ ಮೂಲ ಫೈಲ್ ಕೂಡ ಇರಲಿ, ಅದನ್ನು ತಿದ್ದಬೇಡಿ.

ವರ್ಷಕ್ಕೊಮ್ಮೆ ಮಾರಾಟ ಮತ್ತು ಜಾಹೀರಾತು ಖರ್ಚಿನ ಲೆಕ್ಕಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಸರ್ಟಿಫಿಕೇಟ್ ತಗೊಳ್ಳಿ. ಹತ್ತು ವರ್ಷದ ಲೆಕ್ಕವನ್ನು ಕೇಸ್ ಬಂದ ಮೇಲೆ ಹುಡುಕುವುದು ತುಂಬಾ ಕಷ್ಟ.

ಗಿರಾಕಿಗಳ ಮಾತು ಇನ್ನೂ ಬೆಲೆಯುಳ್ಳದ್ದು. 'ಆ ಮ್ಯೂಸಿಕ್‌ನವರ ಕಾಫಿಪುಡಿ ಇದೆಯಾ' ಅಂತ ಬಂದ ವಾಟ್ಸ್‌ಆ್ಯಪ್ ಮೆಸೇಜ್, 'ಹಳದಿ ಡಬ್ಬ ಎರಡು ಕೇಸ್ ಕಳಿಸಿ' ಅಂತ ಡೀಲರ್ ಬರೆದ ಆರ್ಡರ್ ಚೀಟಿ, ಇವನ್ನೆಲ್ಲ ಇಟ್ಟುಕೊಳ್ಳಿ. ಜನ ಹೆಸರಿಲ್ಲದೆ ಗುರುತಿಸುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಇಲ್ಲ. ಸಿಳ್ಳೆ ಹಾಕಿದ ಆ ಹುಡುಗನ ಮಾತನ್ನು ಅವತ್ತೇ ತಾರೀಖಿನ ಸಮೇತ ಬರೆದು, ಅವನ ಮನೆಯವರ ಸಹಿ ಹಾಕಿಸಿಟ್ಟಿದ್ದರೆ ವಕೀಲರ ಎರಡನೇ ಪ್ರಶ್ನೆಗೆ ಒಂದು ಉತ್ತರವಾದರೂ ಇರುತ್ತಿತ್ತು.

ಐದನೇ ಹೆಜ್ಜೆ: ಅರ್ಜಿ

ಅರ್ಜಿಯ ಹೆಸರು ಫಾರ್ಮ್ ಟಿಎಂ-ಎ. ಆನ್‌ಲೈನಿನಲ್ಲೇ ಹಾಕಬಹುದು. ಕರ್ನಾಟಕದವರಿಗೆ ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿ. ಆನ್‌ಲೈನ್ ಶುಲ್ಕ ಒಬ್ಬ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಸರಕುಗಳನ್ನು ವರ್ಗಗಳಾಗಿ ಹಂಚಿದ್ದಾರೆ, ಕಾಫಿ 30ನೇ ವರ್ಗದಲ್ಲಿ ಬರುತ್ತದೆ. ಅರ್ಜಿಯಲ್ಲಿ ಗುರುತಿನ ಬಗೆ ಯಾವುದು ಅಂತ ಸರಿಯಾಗಿ ಆರಿಸಿ. ಸದ್ದನ್ನು ಪದದ ಗುರುತು ಅಂತ ಹಾಕಿದರೆ ಕೆಲಸ ಕೆಡುತ್ತದೆ.

ಸದ್ದಿಗೆ ಎಂಪಿ3 ಫೈಲ್ ಬೇಕು, 30 ಸೆಕೆಂಡ್ ಮೀರಬಾರದು. ಜೊತೆಗೆ ಅದರ ಸ್ವರಲಿಪಿ ಬೇಕು. ನಮ್ಮಲ್ಲಿ ಜಿಂಗಲ್ ಮಾಡುವ ಎಷ್ಟೋ ಜನ ಕಿವಿಯಿಂದ ಕೂರಿಸುತ್ತಾರೆ, ಬರೆಯುವ ಅಭ್ಯಾಸ ಇರುವುದಿಲ್ಲ. ನಾವು ಆಮೇಲೆ ಹೊಸ ಜಿಂಗಲ್ ಮಾಡಿದಾಗ ಒಬ್ಬ ಕೀಬೋರ್ಡ್ ಮೇಷ್ಟ್ರ ಮನೆಗೆ ಹೋಗಿ, ಮುಂದೆ ಕೂತು, ಐದು ಗೆರೆಯ ಹಾಳೆಯಲ್ಲಿ ಬರೆಸಿಕೊಂಡೆವು. ಅವರು ಮೊದಲು ಬರೆದದ್ದರಲ್ಲಿ ಎರಡನೇ ಸ್ವರ ಚಿಕ್ಕದಾಗಿತ್ತು. ರೆಕಾರ್ಡಿಂಗಿನಲ್ಲಿ ಕೊಳಲಿನವರು ಅದನ್ನು ಸ್ವಲ್ಪ ಎಳೆದಿದ್ದರು. ಮೂರು ಸಲ ಹಾಕಿ ಕೇಳಿ, ಆ ಎಳೆತವನ್ನೂ ಬರೆಸಿದೆವು. ಫೈಲಿನಲ್ಲಿ ಕೇಳುವುದು, ಹಾಳೆಯಲ್ಲಿ ಕಾಣುವುದು ಎರಡೂ ಒಂದೇ ಆಗಿರಬೇಕು. ಹಿನ್ನೆಲೆ ಮಾತು, ನಗು, ಲೋಟದ ಸದ್ದು ತೆಗೆದು ಸ್ವರ ಮಾತ್ರ ಇರುವ ಫೈಲ್ ಕೊಡಿ.

ಸರಕಿನ ಅಥವಾ ಪ್ಯಾಕಿಂಗಿನ ಆಕಾರಕ್ಕೆ ಕಡಿಮೆ ಅಂದರೂ ಐದು ಬೇರೆ ಬೇರೆ ಕೋನದ ಚಿತ್ರ, ಜೊತೆಗೆ ಮಾತಿನಲ್ಲಿ ವಿವರಣೆ. ಮೂರು ಆಯಾಮದ ಗುರುತಿಗೆ ಮೂರು ಕೋನದ ಚಿತ್ರ, ಸಾಲದಿದ್ದರೆ ಅಧಿಕಾರಿ ಇನ್ನಷ್ಟು ಕೇಳಬಹುದು. ಬಣ್ಣಗಳ ಜೋಡಣೆಗೆ ಆ ಬಣ್ಣಗಳಲ್ಲೇ ಚಿತ್ರ. ಆಗಲೇ ಬಳಸುತ್ತಿದ್ದರೆ ಯಾವತ್ತಿನಿಂದ ಅನ್ನುವ ಅಫಿಡವಿಟ್, ದಾಖಲೆಗಳು. ಇಲ್ಲಿ ನಿಮ್ಮ ಕಡತ ಕೆಲಸಕ್ಕೆ ಬರುತ್ತದೆ. ಬಳಕೆಯ ತಾರೀಖನ್ನು ಸುಮ್ನೆ ಹಿಂದೆ ಹಾಕಬೇಡಿ, ಬಿಲ್ ಇರುವ ತಾರೀಖನ್ನೇ ಹಾಕಿ.

ಹೆಸರಿಗೆ, ಲೇಬಲ್ಲಿಗೆ, ಸದ್ದಿಗೆ ಬೇರೆ ಬೇರೆ ಅರ್ಜಿ ಇರಲಿ. ಸದ್ದಿನ ಅರ್ಜಿ ತಡವಾದರೂ ಹೆಸರಿಗೆ ರಕ್ಷಣೆ ಸಿಕ್ಕಿರುತ್ತದೆ.

ಆಮೇಲೆ ಪರಿಶೀಲನೆಯ ವರದಿ ಬರುತ್ತದೆ. ಇಂಥ ಗುರುತುಗಳಿಗೆ 'ವಿಶಿಷ್ಟತೆ ಇಲ್ಲ' ಅನ್ನುವ ಆಕ್ಷೇಪ ಬರುವುದು ಜಾಸ್ತಿ, ಹೆದರಬೇಡಿ. ಉತ್ತರ ಕೊಡಲು ಒಂದು ತಿಂಗಳು ಇದೆ, ಆ ದಿನ ಮಾತ್ರ ತಪ್ಪಿಸಬೇಡಿ. ಒಪ್ಪಿದರೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ. ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧಿಸಬಹುದು. ನೋಂದಣಿಯಾದರೆ 10 ವರ್ಷ, ಆಮೇಲೆ ಪ್ರತಿ 10 ವರ್ಷಕ್ಕೆ ನವೀಕರಣ. ಆದರೆ 5 ವರ್ಷ ಮೂರು ತಿಂಗಳು ಬಳಸದೆ ಬಿಟ್ಟರೆ ತೆಗೆದುಹಾಕಿ ಅಂತ ಬೇರೆಯವರು ಕೇಳಬಹುದು. ಹಳೆ ಜಿಂಗಲ್ ಬೇಜಾರಾಯಿತು ಅಂತ ಪೂರ್ತಿ ನಿಲ್ಲಿಸುವ ಮೊದಲು ಇದನ್ನು ನೆನಪಿಡಿ.

ನೋಂದಣಿ ಆಗುವವರೆಗೆ 'ಟಿಎಂ' ಅಂತ ಮಾತ್ರ ಹಾಕಿ. ವೃತ್ತದೊಳಗಿನ 'ಆರ್' ನೋಂದಣಿಯಾದ ಗುರುತಿಗೆ ಮಾತ್ರ. ಆಗದೆ ಹಾಕಿದರೆ ಅದು ಕಾನೂನಿನ ಪ್ರಕಾರ ತಪ್ಪು, ದಂಡ ಬೀಳುತ್ತದೆ.

ಆರನೇ ಹೆಜ್ಜೆ: ಯಾರಾದರೂ ನಕಲು ಮಾಡಿದರೆ

ಮೊದಲು ರೆಕಾರ್ಡ್ ಮಾಡಿ. ಯಾವ ಸ್ಟೇಷನ್, ಯಾವ ದಿನ, ಎಷ್ಟು ಗಂಟೆ. ಸರಕಾದರೆ ಬಿಲ್ ಸಮೇತ ಕೊಂಡುಕೊಳ್ಳಿ, ಪ್ಯಾಕೆಟ್ ಒಡೆಯಬೇಡಿ. ಸಿಟ್ಟಿನಲ್ಲಿ ಫೇಸ್‌ಬುಕ್‌ನಲ್ಲಿ ಬೈಯುವುದು ಬೇಡ. ಆ ಪೋಸ್ಟ್ ನಿಮಗೇ ತಿರುಗಬಹುದು, ಎದುರಿನವರು ಎಚ್ಚೆತ್ತು ಸಾಕ್ಷಿ ಅಳಿಸಲೂಬಹುದು.

ವಕೀಲರ ಮೂಲಕ ನೋಟಿಸ್ ಕೊಡಿ, ಎಷ್ಟು ಹೇಳಬೇಕೋ ಅಷ್ಟೇ ಹೇಳಿ. ಆಧಾರ ಇಲ್ಲದೆ ಬೆದರಿಸಿದರೆ ಕಾಯ್ದೆಯ 142ನೇ ಸೆಕ್ಷನ್ ಅಡಿಯಲ್ಲಿ ಅವರೇ ನಿಮ್ಮ ಮೇಲೆ ಕೇಸ್ ಹಾಕಬಹುದು. ಜಾಹೀರಾತಿನದ್ದೇ ನಕಲಾದರೆ ಇನ್ನೊಂದು ಬಾಗಿಲು ಇದೆ: 1985ರಲ್ಲಿ ಶುರುವಾದ ಆ್ಯಸ್ಕಿ, ಅಂದರೆ ಜಾಹೀರಾತು ಗುಣಮಟ್ಟ ಮಂಡಳಿ. ಬೇರೆಯವರು ಮೊದಲೇ ಬಿಟ್ಟ ಜಾಹೀರಾತಿನ ವಿನ್ಯಾಸ, ಘೋಷವಾಕ್ಯ, ಸಂಗೀತ, ಸದ್ದುಗಳನ್ನು ಕದ್ದಂತೆ ಕಾಣಬಾರದು ಅಂತ ಅದರ ನಿಯಮಾವಳಿ ಹೇಳುತ್ತದೆ. ನೋಂದಣಿ ಆಗಿಲ್ಲದ ಜಿಂಗಲ್ಲಿಗೂ ಈ ದಾರಿ ಉಂಟು. ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ಗೆ ದೂರು ಕೊಡಲು ರಾಗದ ಕಾಪಿರೈಟ್ ಕಾಗದ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ.

ಕೋರ್ಟಿಗೆ ಹೋಗಬೇಕಾದರೆ, ನೋಂದಣಿ ಇದ್ದವರು ಉಲ್ಲಂಘನೆಯ ದಾವೆ ಹಾಕುತ್ತಾರೆ. ಇಲ್ಲದವರು 'ಪಾಸಿಂಗ್ ಆಫ್', ಅಂದರೆ ನಿಮ್ಮ ಸರಕು ಅಂತ ನಂಬಿಸಿ ಮಾರುತ್ತಿದ್ದಾರೆ ಅನ್ನುವ ದಾವೆ. ಎರಡನೆಯದರಲ್ಲಿ ನಿಮಗೆ ಹೆಸರು ಬಂದಿದೆ, ಅವರಿಂದ ಜನ ಮೋಸ ಹೋಗುತ್ತಾರೆ, ನಿಮಗೆ ನಷ್ಟ ಆಗುತ್ತದೆ ಅಂತ ಮೂರನ್ನೂ ತೋರಿಸಬೇಕು. ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಕಂಪನಿಯ ವೋಡ್ಕಾ ಬಾಟಲಿ ಮೇಲೆ ಗೋರ್ಬಾಚೋವ್ ವೋಡ್ಕಾ ಕಂಪನಿ ಬಾಂಬೆ ಹೈಕೋರ್ಟಿಗೆ ಹೋಗಿತ್ತು. ಗೋರ್ಬಾಚೋವ್ ಬಾಟಲಿಯ ಉಬ್ಬಿದ ಆಕಾರಕ್ಕೆ ರಷ್ಯಾದ ಚರ್ಚುಗಳ ಈರುಳ್ಳಿಯಂಥ ಗುಮ್ಮಟ ಸ್ಫೂರ್ತಿ. ವೋಡ್ಕಾ ತುಂಬಿಡಲು ಅಂಥ ಆಕಾರವೇ ಬೇಕು ಅಂತೇನೂ ಇಲ್ಲವಲ್ಲ. 2011ರಲ್ಲಿ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಹೆಸರು ಬೇರೆ ಇದ್ದರೂ ಬಾಟಲಿಯ ಆಕಾರದ ಮೇಲೆಯೇ ಗೆಲ್ಲಬಹುದು ಅನ್ನುವುದಕ್ಕೆ ಇದು ನನಗೆ ತುಂಬಾ ಇಷ್ಟವಾದ ಪ್ರಕರಣ.

ನೀವು ಬೇರೆಯವರ ಗುರುತು ಮುಟ್ಟಬಾರದು ಅನ್ನುವುದೂ ಇದರೊಳಗೇ ಬಂತು. ರೀಲ್ಸ್ ಮಾಡುವ ಹುಡುಗರಿಗೆ ಕೆಲಸ ಕೊಡುವಾಗ ಒಪ್ಪಂದದಲ್ಲಿ ಎರಡು ಸಾಲು ಹಾಕಿ: ನಮ್ಮ ಸ್ವರವನ್ನು ಕೊಟ್ಟ ಫೈಲಿನಂತೆಯೇ ಬಳಸಬೇಕು, ಬೇರೆ ಬ್ರ್ಯಾಂಡಿನ ಸದ್ದು, ಪ್ಯಾಕಿಂಗ್ ತೋರಿಸಬಾರದು.

ನಮ್ಮ ಕಾಫಿಪುಡಿಯ ಮಾಲೀಕರು ಅವತ್ತು ಕೇಸ್ ಹಾಕಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಹಾಕುವುದು ಬೇಡ ಅಂತ ವಕೀಲರೇ ಹೇಳಿದರು. ಹೊಸ ಸ್ವರ ಮಾಡಿಸಿದೆವು, ಈ ಸಲ ಸಂಗೀತಗಾರರ ಜೊತೆ ಕೂತು ನಾಲ್ಕು ಪುಟದ ಒಪ್ಪಂದ ಬರೆಸಿದೆವು. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ನೀಲಿ ಕಡತ ಇದೆ. ರೇಡಿಯೋ ಬಿಲ್ ಬಂದ ದಿನ ಮಾಲೀಕರ ಮಗಳು ಅದನ್ನು ತೆಗೆದು, ತೂತು ಹೊಡೆದು, ತಾರೀಖು ಬರೆದು ಸೇರಿಸುತ್ತಾಳೆ. ಹೋದ ತಿಂಗಳು ಅದಕ್ಕೆ ಹಾಸನದ ಡೀಲರ್ ಒಬ್ಬರ ಆರ್ಡರ್ ಚೀಟಿ ಸೇರಿತು. ಅದರಲ್ಲಿ ಅಂಗಡಿಯ ಹೆಸರಿಲ್ಲ. 'ಕೊಳಲು ಕಾಫಿ, 40 ಪ್ಯಾಕೆಟ್' ಅಂತಷ್ಟೇ ಇದೆ.